ಚಪ್ಪಾಳೆ ಗಿಟ್ಟಿಸಿದ ಮೌನ

ಫೆಬ್ರವರಿ ೩

ಸೇರಿರುವ ಸಮಸ್ತ ರಸಿಕ ಮಹಾಶಯರೇ! ಮುಂದಿನ ಸಾಲಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿರುವ ನನ್ನ ಡಾಕ್ಟರಕ್ಕನೇ! ಊಟದ ಮೇಜಿನ ಆ ತುದಿಯಲ್ಲಿ ಪೇಪರನ್ನು ಗುರಾಣಿಯಂತೆ ಹಿಡಿದು ಕೂತಿರುವ ಭಾವನವರೇ! ಬಾಗಿಲ ಮರೆಯಲ್ಲಿ ನಿಂತು, ಏನೂ ಕೇಳಿಸಿಕೊಳ್ಳುತ್ತಿಲ್ಲವೆಂಬ ನಟನೆಯನ್ನು ನನಗಿಂತ ಚೆನ್ನಾಗಿ ಮಾಡುತ್ತಿರುವ ಅಕ್ಕನ ಅತ್ತೆಯವರೇ! ಸದ್ದು! ಸದ್ದು! ಪರದೆ ಏಳುತ್ತಿದೆ!

ಎಂದಿನಂತೆ ನೀನು ಇದನ್ನು ಗಟ್ಟಿಯಾಗಿ ಓದುತ್ತಿದ್ದೀಯ ಎಂದುಕೊಂಡಿದ್ದೇನೆ, ಅಕ್ಕ. ಫೋನಿನಲ್ಲಿ ನನ್ನ ದನಿ ಕೇಳಿದರೆ ಎರಡು ದಿನ ಕಿವಿ ಗುಂಯ್ ಅನ್ನುತ್ತದೆಂದು ಭಾವ ಅಂದ ದಿನದಿಂದ ನಾನು ಕಾಗದದ ಮೇಲೇ ಗುಡುಗುತ್ತಿದ್ದೇನೆ. ಇವತ್ತಿನ ಗುಡುಗು ಸಾಮಾನ್ಯದ್ದಲ್ಲ. ನಿನ್ನ ತಮ್ಮ ಪ್ರಸಿದ್ಧನಾಗಿದ್ದಾನೆ! ಅದೂ ಎಂಥ ವಿಚಿತ್ರ! ಮೂವತ್ತು ವರ್ಷ ಗಂಟಲು ಹರಿದುಕೊಂಡು ಅರಚಿದವನು, ಬಾಯಿ ಮುಚ್ಚಿದ್ದಕ್ಕೆ ಪ್ರಸಿದ್ಧನಾಗಿದ್ದಾನೆ!

ಹೊಸ ನಾಟಕದಲ್ಲಿ ನಾನು ಸೋತ ದೊರೆ. ಎರಡನೇ ಅಂಕದಲ್ಲಿ ರಾಜಮಾತೆ ಕತ್ತಿ ಹಿಡಿದು ಬಂದು, "ಮಗನೇ, ಇದು ನಿನ್ನ ಮಗನ ಕತ್ತಿ" ಎನ್ನುತ್ತಾಳೆ. ಎಂದರೆ ರಾಜಕುಮಾರ ಸತ್ತ. ನಾನು ಎದೆ ಬಡಿದುಕೊಂಡು ಒಂದು ಪುಟದಷ್ಟು ಅಳಬೇಕು. ಒಂದು ದಿನ ಏನಾಯಿತೋ, ಅಳಲಿಲ್ಲ. ನಿಂತುಬಿಟ್ಟೆ. ಕಣ್ಣು ಎಲ್ಲೋ ನೆಟ್ಟಿತ್ತಂತೆ. ಬಲಗೈ ಅಂಗಿಯ ಗುಂಡಿಯನ್ನು ತಡವುತ್ತಿತ್ತಂತೆ. ಸಭೆಯಲ್ಲಿ ಉಸಿರಿನ ಸದ್ದೂ ಇಲ್ಲ. ಆಮೇಲೆ ನಾನು ಒಂದೇ ಮಾತು ಹೇಳಿದೆ: "ಕೋಟೆಯ ಬಾಗಿಲು ತೆರೆಯಿರಿ." ಅಷ್ಟೇ! ಜನ ಎದ್ದು ನಿಂತು ಚಪ್ಪಾಳೆ! ಮರುದಿನ ಪೇಪರಿನವನು ಬರೆದ: "ಮಗನನ್ನು ಕಳೆದುಕೊಂಡ ತಂದೆಯ ಕೈ ಗುಂಡಿಯನ್ನು ಹುಡುಕುವುದನ್ನು ನೋಡಿದವರು ಮರೆಯಲಾರರು."

ನಮ್ಮ ಮಾಲೀಕರು ಆ ಒಂದು ಪುಟದ ಅಳುವನ್ನು ಹರಿದುಹಾಕಿದರು. ಪೋಸ್ಟರಿನಲ್ಲಿ ನನ್ನ ಮುಖದ ಕೆಳಗೆ "ಆ ಮೌನವನ್ನು ಕೇಳಲು ಬನ್ನಿ!" ಎಂದು ಹಾಕಿಸಿದರು. ಪ್ರಾಂಪ್ಟರನಿಗೆ, ನಾವು ಪಿಸುಮಾತಪ್ಪ ಎಂದು ಕರೆಯುವವನಿಗೆ, ಕಟ್ಟಪ್ಪಣೆಯಾಗಿದೆ: ಆ ದೃಶ್ಯದಲ್ಲಿ ಯಾರು ಎಷ್ಟು ಹೊತ್ತು ಸುಮ್ಮನಿದ್ದರೂ ಮಾತು ಎತ್ತಿಕೊಡಬಾರದು, ಯಾರೂ ಅಲುಗಾಡಬಾರದು. ಅಪ್ಪಣೆ ಮಾಡಿಸಿದವನು ನಾನೇ.

ರಾಜಮಾತೆಯ ಪಾತ್ರದವರಿಗೆ ಮಾತ್ರ ಇದು ಹಿಡಿಸಿಲ್ಲ. ನನಗೆ ರಂಗದ ಮೇಲೆ ಹೆಜ್ಜೆ ಇಡಲು ಕಲಿಸಿದವರು, ಅವರು ಏನಂದರೂ ಚಂದ. "ಏನಪ್ಪಾ ದೊರೆ, ನಿನ್ನ ಮೌನ ಮುಗಿಯೋ ಹೊತ್ತಿಗೆ ನಂಗೆ ಇನ್ನೊಂದು ಮಂಡೀಲೂ ನೋವು ಶುರುವಾಗತ್ತೆ. ಆ ಕತ್ತಿ ಹಿಡ್ಕೊಂಡು ಎಷ್ಟೊತ್ತು ನಿಲ್ಲಲಿ? ಒಂದು ಕುರ್ಚಿನಾದ್ರೂ ಹಾಕಿಸು" ಎನ್ನುತ್ತಾರೆ.

ಚಪ್ಪಾಳೆ ತಟ್ಟಿ, ಮಹಾಜನರೇ! ಭಾವನವರೇ, ಪೇಪರು ಕೆಳಗಿಟ್ಟು ತಟ್ಟಿ!

ನಿನ್ನ ತಮ್ಮ


ಫೆಬ್ರವರಿ ೧೨

ಪ್ರೀತಿಯ ತಮ್ಮನಿಗೆ,

ತಟ್ಟಿದೆವು. ಅತ್ತೆ ಬಾಗಿಲ ಮರೆಯಿಂದ ಈಚೆ ಬಂದು "ನಾನೇನು ಕದ್ದು ಕೇಳ್ತಾ ಇರಲಿಲ್ಲ, ಪೊರಕೆ ಹುಡುಕ್ತಿದ್ದೆ" ಎಂದರು. ನಿನ್ನ ಭಾವ ಪೇಪರು ಇಳಿಸಿ "ಇವನು ಸುಮ್ಮನಿದ್ದನೇ? ನಂಬೋ ಮಾತಾ?" ಎಂದರು. ಇಷ್ಟು ಸುದ್ದಿ.

ನನ್ನ ಕಡೆ ಕೆಲಸವೋ ಕೆಲಸ. ನಮ್ಮ ವಾರ್ಡಿಗೆ ಲಕ್ವ ಹೊಡೆದವರು ಬರುವುದೇ ತಡವಾಗಿ. ಒಂದು ನಿದ್ದೆ ಮಾಡಿದರೆ ಸರಿಹೋಗುತ್ತದೆಂದು ಮನೆಯವರು ಮಲಗಿಸಿರುತ್ತಾರೆ. ಅದಕ್ಕೆ ಈಗ ಶಾಲೆ, ಕಾರ್ಖಾನೆ, ಬಸ್ ಡಿಪೋ ಎಂದು ಹೋಗಿ ಪಾಠ ಮಾಡುತ್ತಿದ್ದೇವೆ. ಸುಲಭದ ಪಾಠ, ನೀನೂ ಕಲಿ. ಅನುಮಾನ ಬಂದರೆ ನಗಲು ಹೇಳು; ಬಾಯಿಯ ಒಂದು ಕೊನೆ ಜೋತುಬಿದ್ದಿದೆಯೇ ನೋಡು. ಎರಡೂ ಕೈ ಎತ್ತಲು ಹೇಳು. ಒಂದು ಇಳಿಯುತ್ತದೆಯೇ ನೋಡು. ಒಂದು ವಾಕ್ಯ ಹೇಳಿಸು, ತೊದಲುತ್ತದೆಯೇ ಕೇಳು. ಒಂದು ತಪ್ಪಿದರೂ ಗಡಿಯಾರ ನೋಡಿಕೊಂಡು ಆಸ್ಪತ್ರೆಗೆ ಓಡು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಗೆ ನಾಲ್ಕೂವರೆ ಗಂಟೆಯ ಗಡುವು. ಅದಕ್ಕೇ ನಾವು ಬಂದವರನ್ನು ಮೊದಲು ಕೇಳುವುದು "ಕೊನೇ ಸಲ ಸರಿಯಾಗಿದ್ದದ್ದು ಯಾವಾಗ?" ಎಂದು.

ಈ ಕೆಳಗಿನ ಭಾಗವನ್ನು ಯಾರಿಗೂ ಓದಿ ಹೇಳಬೇಡ.

ಆ ಮೌನದ ಹೊತ್ತಿನಲ್ಲಿ ನಿನಗೆ ಏನಾದರೂ ವಾಸನೆ ಬರುತ್ತದೆಯೇ? ಬಾಯಿ ಚಪ್ಪರಿಸುತ್ತೀಯಾ? "ನೆಟ್ಟಿತ್ತಂತೆ, ತಡವುತ್ತಿತ್ತಂತೆ" ಎಂದು ಬರೆದಿದ್ದೀಯ. ಆ ಅಂತೆ ಯಾಕೆ? ನಿನಗೇ ನೆನಪಿಲ್ಲವೇ? ರಂಗದಿಂದ ಹೊರಗೂ ಹೀಗಾಗಿದೆಯೇ?

ಸುಮ್ಮನೆ ಕೇಳಿದೆ. ಉತ್ತರ ಬರಿ.

ಅಕ್ಕ


ಫೆಬ್ರವರಿ ೨೦

ಅಕ್ಕಾ! ಮಹಾವೈದ್ಯೆ!

ನಿನ್ನ ಪಾಠವನ್ನು ಬಣ್ಣದ ಕೋಣೆಯಲ್ಲಿ ಇಡೀ ಕಂಪನಿಗೆ ಅಭಿನಯಿಸಿ ತೋರಿಸಿದೆ. ಲಕ್ವ ಹೊಡೆದವನೂ ನಾನೇ, ಡಾಕ್ಟರೂ ನಾನೇ, ಅಳುವ ಹೆಂಡತಿಯೂ ನಾನೇ! ಎಲ್ಲರೂ ಸಾಲಾಗಿ ನಿಂತು ನಕ್ಕರು, ಕೈ ಎತ್ತಿದರು. ರಾಜಮಾತೆಯವರು "ನನ್ನ ನಗು ಹುಟ್ಟಿದಾಗಿಂದ್ಲೂ ಸೊಟ್ಟ. ನನ್ನನ್ನ ಈಗ್ಲೇ ಸಾಗಿಸ್ತೀರಾ, ಇಲ್ಲ ಆಟ ಮುಗಿದ್ಮೇಲೋ?" ಎಂದರು. ಪಿಸುಮಾತಪ್ಪ ನಗುವಾಗಲೂ ಪಿಸುಗುಟ್ಟುತ್ತಾನೆಂದು ಅವತ್ತು ಗೊತ್ತಾಯಿತು.

ಇನ್ನು ನಿನ್ನ ಗುಟ್ಟಿನ ಪ್ರಶ್ನೆಗಳು. ಹೌದು, ವಾಸನೆ ಬರುತ್ತದೆ, ಸುಟ್ಟ ರಬ್ಬರಿನ ಹಾಗೆ. ಗಡ್ಡ ಅಂಟಿಸುವ ಅಂಟಿನದು ಇರಬೇಕು. ಬಾಯಿ ಚಪ್ಪರಿಸುತ್ತೇನೆಂದು ಬಣ್ಣದ ಮೇಷ್ಟ್ರು ಹೇಳಿದರು. ಮಗ ಸತ್ತ ದೊರೆಗೆ ಗಂಟಲು ಒಣಗುವುದಿಲ್ಲವೇ? ನೆನಪಿನ ಮಾತೇ? ನಟ ಪಾತ್ರದಲ್ಲಿ ಕರಗಿದರೆ ನೆನಪು ಎಲ್ಲಿಂದ ಇರುತ್ತದೆ! ಇದನ್ನು ಡಾಕ್ಟರಿಗೆ ಹೇಳಿ ತಿಳಿಸುವುದು ಕಷ್ಟ.

ಹೊರಗೆ ಒಂದೇ ಒಂದು ಸಲ. ಕ್ಷೌರದ ಅಂಗಡಿಯಲ್ಲಿ. ಕಣ್ಣು ಬಿಟ್ಟು ನೋಡಿದರೆ ಕ್ಷೌರದವನು ಕತ್ತಿ ಮಡಚಿಟ್ಟು ದೂರ ನಿಂತಿದ್ದ. "ಮೂರು ಸಲ ಕೂಗಿದೆ ಸಾರ್, ನೀವು ಟವೆಲ್ ಹಿಂಡ್ತಾನೇ ಇದ್ರಿ" ಎಂದ. ಅರ್ಧ ಗಡ್ಡದಲ್ಲೇ ಎದ್ದು ಬಂದೆ. ಮಾತು ಯೋಚಿಸುತ್ತಿದ್ದೆ, ಅಷ್ಟೇ.

ಈ ನಾಟಕ ಇನ್ನೂ ನೂರು ಪ್ರಯೋಗ ಹೋಗುತ್ತದಂತೆ. ಹರಸು!

ನಿನ್ನ ತಮ್ಮ


ಮಾರ್ಚ್ ೧

ತಮ್ಮಾ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು, ನೇರವಾಗಿ ಬರೆಯುತ್ತೇನೆ. ನಿನಗಿರುವುದು ಮೂರ್ಛೆ ಎಂದು ನನ್ನ ಅನುಮಾನ.

ಗಾಬರಿ ಬೇಡ. ಮೆದುಳಿನ ಒಂದು ಮೂಲೆಯಲ್ಲಿ ಮಿಂಚು ದಾರಿ ತಪ್ಪುತ್ತದೆ. ವಾಸನೆ, ನೆಟ್ಟ ನೋಟ, ಕೈಯ ತಡಕಾಟ, ಬಾಯಿ ಚಪ್ಪರಿಕೆ, ಆಮೇಲೆ ಏನೂ ನೆನಪಿಲ್ಲ. ಪುಸ್ತಕದಲ್ಲಿ ಬರೆದಿಟ್ಟ ಹಾಗೆ ಇದೆ. ಮಾತ್ರೆಗೆ ಬಗ್ಗುವ ಕಾಯಿಲೆ. ನಿಮ್ಮ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನನ್ನ ಜೊತೆ ಓದಿದ ಮೆದುಳಿನ ಡಾಕ್ಟರೊಬ್ಬರಿದ್ದಾರೆ, ಚೀಟಿ ಇಟ್ಟಿದ್ದೇನೆ. ಅಲ್ಲಿಯವರೆಗೆ ಗಾಡಿ ಓಡಿಸಬೇಡ, ಏಣಿ ಹತ್ತಬೇಡ. ಕಂಪನಿಯಲ್ಲಿ ಒಬ್ಬರಿಗಾದರೂ ತಿಳಿಸಿಡು. ಅದು ಬಂದಾಗ ಪಕ್ಕದಲ್ಲಿ ನಿಲ್ಲಬೇಕು. ಬಿದ್ದರೆ ಮಗ್ಗುಲಾಗಿ ಮಲಗಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದಿನಕ್ಕೆ ಹತ್ತು ಮಂದಿಗೆ ಈ ಮಾತು ಹೇಳುತ್ತೇನೆ.

ಅಕ್ಕ


ಮಾರ್ಚ್ ೧೦

ಅಕ್ಕನಿಗೆ,

ಮೂರ್ಛೆ ಹೋಗುವುದು ನಮ್ಮಲ್ಲಿ ನಾಯಕಿಯ ಕೆಲಸ. ಅದಕ್ಕೆಂದೇ ಅವಳಿಗೆ ಬೇರೆ ದಿಂಬಿದೆ. ನಾನು ಯಾವತ್ತೂ ಬಿದ್ದವನಲ್ಲ! ನಿಂತೇ ಇರುತ್ತೇನೆ. ನಿಂತವನಿಗೆ ಎಂಥ ಮೂರ್ಛೆ?

ಇನ್ನೊಂದು ಮಾತು. ಕಂಪನಿಗೆ ಬಂದ ಕಾಗದಗಳನ್ನು ಪಿಸುಮಾತಪ್ಪ ಹಂಚುತ್ತಾನೆ, ಹಂಚುವ ಮೊದಲು ಬೆಳಕಿಗೆ ಹಿಡಿದು ನೋಡುತ್ತಾನೆ. ಆ ಪದವನ್ನು ಇನ್ನು ಬರೆಯಬೇಡ. ದೊರೆಗೆ ಫಿಟ್ಸ್ ಬರುತ್ತದೆಂದು ಒಬ್ಬನ ಬಾಯಿಗೆ ಬಿದ್ದರೆ, ಮೂವತ್ತು ವರ್ಷಕ್ಕೆ ಮೊದಲ ಸಲ ಎದ್ದು ನಿಂತು ಚಪ್ಪಾಳೆ ತಟ್ಟಿದ ಜನ ಅದೇ ಗುಂಡಿಯನ್ನು ನೋಡಿ ಅಯ್ಯೋ ಪಾಪ ಎನ್ನುತ್ತಾರೆ. ಅಯ್ಯೋ ಪಾಪ ಅನ್ನಿಸಿಕೊಂಡು ದೊರೆಯ ಪಾತ್ರ ಮಾಡಲಾಗುವುದಿಲ್ಲ, ಅಕ್ಕ.

ಚೀಟಿ ಜೋಪಾನವಾಗಿದೆ. ಬಿಡುವಾದಾಗ ಹೋಗುತ್ತೇನೆ.

ತಮ್ಮ


ಏಪ್ರಿಲ್ ೨

ತಮ್ಮಾ,

ಹೇಳದೆ ಬಂದಿದ್ದೆ. ಶನಿವಾರದ ಮಧ್ಯಾಹ್ನದ ಆಟಕ್ಕೆ. ಐದನೇ ಸಾಲು, ಕಂಬದ ಪಕ್ಕದ ಕುರ್ಚಿ. ಬ್ಯಾಗಿನಲ್ಲಿ ಮಾತ್ರೆ ಇತ್ತು. ನಿನ್ನ ಕೈ ಹಿಡಿದು ಎಳೆದುಕೊಂಡಾದರೂ ಡಾಕ್ಟರ ಹತ್ತಿರ ಹೋಗಬೇಕೆಂದು ಬಂದಿದ್ದೆ.

ನಿನ್ನ ಮೌನ ನೋಡಿದೆ. ಕೈ ಗುಂಡಿಗೆ ಹೋಯಿತು, ನೀನು ಬಾಯಿ ಚಪ್ಪರಿಸಿದೆ, ಎಲ್ಲ ಲೆಕ್ಕದಂತೆ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಿನ್ನ ಕಣ್ಣು ಅವರ ಕಡೆ ಸಿಟ್ಟಿನಿಂದ ಹೋಗಿ ಬಂತು. ಮೂರ್ಛೆಯಲ್ಲಿದ್ದವನು ಕೆಮ್ಮಿಗೆ ಸಿಟ್ಟಾಗುವುದಿಲ್ಲ. ನೀನು ನಟಿಸುತ್ತಿದ್ದೆ. ಚೆನ್ನಾಗಿಯೇ ನಟಿಸುತ್ತಿದ್ದೆ.

ಸುತ್ತ ಎಲ್ಲರೂ ಎದ್ದು ತಟ್ಟುತ್ತಿದ್ದರು. ನಾನೊಬ್ಬಳು ಬ್ಯಾಗು ತಬ್ಬಿಕೊಂಡು ಕೂತಿದ್ದೆ. ಇಷ್ಟು ವರ್ಷ ಈ ಕೆಲಸ ಮಾಡಿ, ತಮ್ಮನ ನಟನೆಗೆ ರೋಗದ ಹೆಸರು ಕೊಟ್ಟೆನಲ್ಲ ಎಂದು ಮುಖ ಸುಟ್ಟ ಹಾಗಾಯಿತು. ಒಳಗೆ ಬಂದು ಮಾತಾಡಿಸಲು ಮನಸ್ಸಾಗದೆ ಹಾಗೇ ಬಸ್ಸು ಹತ್ತಿದೆ. ನನ್ನ ಅನುಮಾನವನ್ನು ವಾಪಸು ತೆಗೆದುಕೊಂಡಿದ್ದೇನೆ. ಆ ಚೀಟಿ ಹರಿದುಹಾಕು.

ಅಕ್ಕ


ಏಪ್ರಿಲ್ ೧೧

ಮಹಾಜನರೇ!

ಅಪವಾದದಿಂದ ಮುಕ್ತನಾದ ದೊರೆಗೆ ಜಯವಾಗಲಿ! ನೀನು ಬಂದಿದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ, ಅಕ್ಕ. ಶನಿವಾರವೇ ಬಂದಿದ್ದೆಯಾ? ಶುಕ್ರವಾರ ಅಲ್ಲ ತಾನೇ? ಸರಿ ಬಿಡು, ಯಾವತ್ತಾದರೇನು. ನೀನೇ ಹೇಳಿದ ಮೇಲೆ ಮುಗಿಯಿತು.

ಅತ್ತೆಯವರಿಗೆ ಪೊರಕೆ ಸಿಕ್ಕಿತೇ?

ತಮ್ಮ


ಮೇ ೨೨

ತಮ್ಮಾ,

ಒಂದು ತಿಂಗಳ ಮೇಲಾಯಿತು, ನಿನ್ನ ಕಾಗದವಿಲ್ಲ. ಕಂಪನಿಯ ಆಫೀಸಿಗೆ ಫೋನ್ ಮಾಡಿದೆ. "ಆಟ ನಿಲ್ಸಿದೀವಿ, ರಾಜಮಾತೆ ಆಸ್ಪತ್ರೇಲಿದಾರೆ, ದೊರೆ ಯಾರ ಹತ್ರಾನೂ ಮಾತಾಡ್ತಿಲ್ಲ" ಎಂದು ಒಂದು ದನಿ ಪಿಸುಗುಟ್ಟಿತು. ಏನಾಯಿತು? ಬರಿ.

ಅಕ್ಕ


ಮೇ ೨೭

ಅಕ್ಕ,

ಇದನ್ನು ಮೇಜಿನ ಮುಂದೆ ಓದಬೇಡ. ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಆಟ. ಎರಡನೇ ಅಂಕ. ರಾಜಮಾತೆಯವರು ಕತ್ತಿ ಹಿಡಿದು ಬಂದರು. "ಮಗನೇ, ಇದು ನಿನ್ನ" ಎಂದರು, ನಿಲ್ಲಿಸಿದರು. ಮುಂದಿನ ಮಾತು ಬರಲಿಲ್ಲ. ನಾನು ಕಾದೆ. ಅವರ ಬಲಗೈ ಸಡಿಲವಾಗಿ ಕತ್ತಿ ಜಾರಿ ಹಲಗೆಯ ಮೇಲೆ ಬಿತ್ತು. ಬಾಯಿಯ ಬಲಕೊನೆ ಕೆಳಗಿಳಿಯಿತು. ಕಣ್ಣು ನನ್ನನ್ನೇ ನೋಡುತ್ತಿತ್ತು.

ನಿನ್ನ ಪಾಠ ನನಗೆ ಬಾಯಿಪಾಠವಾಗಿತ್ತು. ಕೋಣೆತುಂಬ ಜನಕ್ಕೆ ನಾನೇ ಅಭಿನಯಿಸಿ ತೋರಿಸಿದ್ದೆ. ಮುಖ, ಕೈ, ಮಾತು ಮೂರೂ ಒಂದು ಮಾರು ದೂರದಲ್ಲಿ ನನ್ನ ಕಣ್ಣ ಮುಂದೆ ತಪ್ಪಿದವು. ಆಗ ನನಗೆ ಬಂದ ಯೋಚನೆ ಯಾವುದು ಗೊತ್ತೇ? ಈ ಮುದುಕಿ ನನ್ನ ಮೌನ ಕದಿಯುತ್ತಿದ್ದಾಳೆ!

ಜನಕ್ಕೂ ಹಾಗೇ ಕಂಡಿತು. ಮಗ ಸತ್ತ ಸುದ್ದಿ ಹೇಳಲಾರದೆ ಕತ್ತಿ ಕೈಬಿಟ್ಟ ಅಜ್ಜಿ! ಚಪ್ಪಾಳೆ ಬಿತ್ತು, ಅಕ್ಕ. ನನಗೆ ಬೀಳುತ್ತಿದ್ದುದಕ್ಕಿಂತ ಜೋರಾಗಿ. ಪರದೆಯ ಪಕ್ಕದಲ್ಲಿ ಪಿಸುಮಾತಪ್ಪ ಬಾಯಿ ತೆರೆದ, ನನ್ನ ಅಪ್ಪಣೆ ನೆನಪಾಗಿ ಮುಚ್ಚಿಕೊಂಡ. ಯಾರೂ ಅಲುಗಾಡಲಿಲ್ಲ. ನಾನು ಬಿಡಲಿಲ್ಲ, ನನ್ನ ಮೌನವನ್ನೂ ಶುರುಮಾಡಿದೆ. ಅವರದಕ್ಕಿಂತ ಉದ್ದ ನಿಲ್ಲಬೇಕೆಂದು ಹಟ. ಅವರು ಎಡಗೈ ಚಾಚಿ ನನ್ನ ತೋಳು ಹಿಡಿದರು. ದೊರೆಯ ಗತ್ತಿನಲ್ಲಿ ಕೊಡವಿಕೊಂಡೆ.

ಅಂಕ ಮುಗಿಯಿತು. ಮೂರನೇ ಅಂಕದಲ್ಲಿ ಅವರಿಗೆ ಕೆಲಸವಿಲ್ಲ. ಬಟ್ಟೆಯ ಪೆಟ್ಟಿಗೆಯ ಮೇಲೆ ಕೂರಿಸಿದರು. ಏನೋ ಗೊಣಗಿದರಂತೆ. "ರಾಜಮಾತೆ ಇನ್ನೂ ಪಾತ್ರದಿಂದ ಇಳಿದಿಲ್ಲ, ಬಿಡ್ರೋ" ಎಂದು ಯಾರೋ ನಕ್ಕರಂತೆ. ಆಟ ಮುಗಿದ ಮೇಲೂ ಗೋಡೆಗೆ ಒರಗಿದ್ದರು. ಸುಸ್ತಾಗಿದ್ದಾರೆ, ಮಲಗಲಿ ಎಂದು ಬಿಟ್ಟರು. ನಾನು ಅವರ ಮುಂದೆಯೇ ಹಾದುಹೋದೆ. ಮುಖ ತಿರುಗಿಸಿಕೊಂಡೆ. ರಾತ್ರಿ ಎಂಟರ ಹೊತ್ತಿಗೆ ಬಣ್ಣದ ಮೇಷ್ಟ್ರು ಬಣ್ಣ ತೆಗೆಯಲು ಕೂತಾಗ, ಬಣ್ಣದ ಕೆಳಗೆ ಅರ್ಧ ಮುಖ ಅಲುಗುತ್ತಿಲ್ಲವೆಂದು ಕೂಗಿಕೊಂಡರು.

ಆಸ್ಪತ್ರೆಯಲ್ಲಿ ಡಾಕ್ಟರು ನೀನು ಹೇಳಿದ್ದ ಅದೇ ಪ್ರಶ್ನೆ ಕೇಳಿದರು. "ಕೊನೇ ಸಲ ಸರಿಯಾಗಿದ್ದದ್ದು ಯಾವಾಗ?" ಮಾಲೀಕರು "ಆಟ ಮುಗಿಯೋವರೆಗೂ ಚೆನ್ನಾಗೇ ಇದ್ರು ಡಾಕ್ಟ್ರೇ, ಎರಡನೇ ಅಂಕದಲ್ಲಂತೂ ಇಂಥ ಅಭಿನಯ ನಾನು ನೋಡೇ ಇಲ್ಲ!" ಎಂದರು. ಅವರು ಸುಳ್ಳು ಹೇಳಲಿಲ್ಲ, ನಂಬಿದ್ದನ್ನು ಹೇಳಿದರು. ಡಾಕ್ಟರು ಒಂಬತ್ತು ತೋರಿಸುತ್ತಿದ್ದ ಗಡಿಯಾರ ನೋಡಿ, "ಹಾಗಾದ್ರೆ ಟೈಮಿದೆ" ಎಂದು ಔಷಧಿ ತರಿಸಿದರು.

ನಾನು ಗೋಡೆಗೆ ಅಂಟಿಕೊಂಡಿದ್ದೆ. ಸುಮ್ಮನಿದ್ದರೆ ಅವರಿಗೆ ಔಷಧಿ ಸಿಗುತ್ತದೆ, ನನ್ನ ಮಾನವೂ ಉಳಿಯುತ್ತದೆ. ಸೂಜಿ ಹತ್ತಿರ ಬಂತು. ಆಗ ನನ್ನ ಬಾಯಿಂದ ಮಾತು ಬಂತು, ಗುಡುಗಲಿಲ್ಲ, ಕೀರಲಾಗಿ ಬಂತು. "ಅಲ್ಲ. ಎರಡನೇ ಅಂಕದಲ್ಲೇ ಹೊಡೆದಿದ್ದು. ನಾಲ್ಕು ಗಂಟೆಗಿಂತ ಮುಂಚೆ."

"ನಿಮಗೆ ಹೇಗೆ ಗೊತ್ತು?"

"ಎದುರಿಗೇ ನಿಂತಿದ್ದೆ."

"ನೋಡಿದ್ರಾ?"

"ನೋಡಿದೆ."

"ನೋಡಿಯೂ ಸುಮ್ಮನಿದ್ರಾ?"

ಸುತ್ತ ಇಡೀ ಕಂಪನಿ ನಿಂತಿತ್ತು. ಡಾಕ್ಟರು ಗಡುವು ಮೀರಿದೆ ಎಂದು ಔಷಧಿಯನ್ನು ವಾಪಸು ಕಳಿಸಿದರು.

ಬದುಕಿದ್ದಾರೆ. ಬಲಗೈ, ಬಲಗಾಲಿಗೆ ಸ್ವಾಧೀನವಿಲ್ಲ. ಮಾತಿಲ್ಲ. ಮಾಲೀಕರು ನನ್ನ ಹತ್ತಿರ ಮಾತಾಡುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಔಷಧಿಯಾದರೂ ಸಿಗುತ್ತಿತ್ತು ಎಂದು ನಾಯಕಿ ಅಳುತ್ತಾ ಕೂಗಿದಳು. ಇರಬಹುದೇ, ಅಕ್ಕ? ಎರಡು ಸಲವೂ ತಪ್ಪು ಜಾಗದಲ್ಲಿ ಬಾಯಿ ಮುಚ್ಚಿ, ತಪ್ಪು ಜಾಗದಲ್ಲಿ ತೆರೆದೆನೇ?

ಇನ್ನೂ ಒಂದಿದೆ. ನೀನು ಬಂದಿದ್ದ ಶನಿವಾರದ್ದು ನಟನೆ. ಅದರ ಹಿಂದಿನ ದಿನದ್ದು ಅಲ್ಲ. ಅದು ನಿಜವಾಗಿ ಬರುವುದು ವಾರಕ್ಕೆ ಒಂದೋ ಎರಡೋ ಸಲ. ಬಾರದ ದಿನ ಜನಕ್ಕೆ ಏನು ಕೊಡಲಿ? ನಾನು ಹೇಗೆ ನಿಂತಿರುತ್ತೇನೆಂದು ಬಣ್ಣದ ಮೇಷ್ಟ್ರಿಂದ ಮಾಡಿಸಿ ನೋಡಿ, ಕಲಿತು, ನನ್ನ ರೋಗವನ್ನೇ ನಾನು ಅನುಕರಿಸುತ್ತಿದ್ದೆ. ನಿನ್ನ ಕಾಗದ ಬಂದಾಗ ತಿದ್ದಿ ಬರೆಯಬಹುದಿತ್ತು. ಬರೆಯಲಿಲ್ಲ. ಕಂಪನಿಯವರಿಗೆ ಇದು ಇವತ್ತಿಗೂ ಗೊತ್ತಿಲ್ಲ. ಆ ಮೌನ ಇವತ್ತಿಗೂ ಅವರಿಗೆ ಕಲೆಯೇ.

ತಮ್ಮ


ಜೂನ್ ೪

ತಮ್ಮಾ,

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ಆ ಹೊತ್ತಿನಲ್ಲಿ ನೀನು ಸುಮ್ಮನಿದ್ದಿದ್ದರೆ ಅವರನ್ನು ಕೊಂದಿರುತ್ತಿದ್ದೆಯೋ ಏನೋ. ಗಡುವು ಮೀರಿದ ಮೇಲೆ ಆ ಔಷಧಿ ಕೊಟ್ಟರೆ ಮೆದುಳಿನೊಳಗೆ ರಕ್ತ ಸೋರಬಹುದು. ನಾನು ನೋಡಿದ್ದೇನೆ. ನಾಯಕಿಗೆ ನನ್ನ ಹೆಸರಿನಲ್ಲಿ ಹೇಳು. ರಂಗದ ಮೇಲೆ ನೀನು ಮಾಡಿದ್ದು ತಪ್ಪು. ಅದನ್ನು ನಾನು ತೊಳೆಯಲಾರೆ. ಆಸ್ಪತ್ರೆಯಲ್ಲಿ ಮಾಡಿದ್ದು ತಪ್ಪಲ್ಲ.

ಈಗ ನನ್ನದು. ಒಂದೇ ಒಂದು ಆಟ ನೋಡಿ ತೀರ್ಪು ಕೊಟ್ಟು ಬಂದೆ. ನನ್ನ ಕೈಕೆಳಗಿನವರು ಯಾರಾದರೂ ಒಂದು ಸಲ ನೋಡಿ "ಕಾಯಿಲೆ ಇಲ್ಲ" ಎಂದು ಬರೆದಿದ್ದರೆ ವಾರ್ಡಿನ ನಡುವೆ ನಿಲ್ಲಿಸಿ ಬೈಯುತ್ತಿದ್ದೆ. ಒಂದು ದಿನ ನಟಿಸಿದವನಿಗೆ ಇನ್ನೊಂದು ದಿನ ನಿಜವಾಗಿ ಬರಬಾರದೇ? ಇದು ನನಗೆ ತಿಳಿಯದ ವಿಷಯವಲ್ಲ. ಆದರೂ ಅಷ್ಟು ಬೇಗ ಯಾಕೆ ನಂಬಿದೆ?

ಮಾರ್ಚಿನಲ್ಲಿ ನಿನಗೆ ಬರೆದಿದ್ದ ಕಾಗದವನ್ನು ಅತ್ತೆ ನನ್ನ ಮೇಜಿನ ಮೇಲೆ ನೋಡಿಬಿಟ್ಟಿದ್ದರು. "ನಿಮ್ಮ ಕಡೆ ಇದು ಇದೆಯೇನಮ್ಮಾ?" ಎಂದು ಮೆಲ್ಲಗೆ ಕೇಳಿದರು. ಬೈಯಲಿಲ್ಲ, ಬರೀ ಕೇಳಿದರು. ನಾನು "ಛೆ ಛೆ, ಇಲ್ಲ ಅತ್ತೆ, ಅದು ಬೇರೆ ಯಾರೋ ರೋಗಿಗೆ ಬರೆದದ್ದು, ಚಿಕ್ಕವರನ್ನೆಲ್ಲ ತಮ್ಮಾ ಅಂತಲೇ ಕರೆಯೋದು" ಎಂದೆ. ದಿನಕ್ಕೆ ಹತ್ತು ಮಂದಿಗೆ ನಾಚಿಕೆ ಬೇಡ ಎನ್ನುವವಳು, ಸ್ವಂತ ತಮ್ಮನನ್ನು ಯಾರೋ ರೋಗಿ ಮಾಡಿದೆ. ನೀನು ಸಿಟ್ಟಿನಿಂದ ಆ ಕೆಮ್ಮಿನ ಕಡೆ ನೋಡಿದಾಗ ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಮಾಧಾನ. ಅದನ್ನು ಏಪ್ರಿಲಿನಲ್ಲಿ ಬರೆಯಲಿಲ್ಲ.

ನಿನ್ನೆ ಅತ್ತೆಗೆ ನಿಜ ಹೇಳಿದೆ. ಅವರು "ಅಷ್ಟು ಜೋರಾಗಿ ಬರೀತಿದ್ದ ಹುಡುಗ. ಮಾತ್ರೆ ತಗೊಳ್ತಿದಾನಾ?" ಎಂದರು. ಅವನನ್ನೇ ಕೇಳುತ್ತೇನೆ ಎಂದೆ.

ತಗೊಳ್ಳುತ್ತಿದ್ದೀಯಾ?

ಅಕ್ಕ


ಜೂನ್ ೧೮

ಅಕ್ಕ,

ಇಲ್ಲ, ತಗೊಳ್ಳುತ್ತಿರಲಿಲ್ಲ. ನಿನ್ನ ಕಾಗದ ಬಂದ ಮೇಲೂ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಆ ಡಾಕ್ಟರ ಕೋಣೆಯ ಮುಂದೆ ಎರಡು ದಿನ ಕೂತೆದ್ದು ಬಂದೆ. ಹೆಸರು ಕೂಗುವಾಗ ಎದ್ದು ಹೋಗುತ್ತಿದ್ದೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ರಾಜಮಾತೆಯವರ ಮಂಚ. ಅಲ್ಲಿಗೆ ಮಾತ್ರ ದಿನಾ ಹೋಗುತ್ತೇನೆ. ಬೇರೆಯವರು ಬರುವ ಹೊತ್ತು ತಪ್ಪಿಸಿ ಹೋಗುತ್ತೇನೆ.

ಅವರಿಗೆ ಒಂದು ಮಾತು ಮರಳಿದೆ. ಒಂದೇ ಒಂದು. "ಆಮೇಲೆ." ನೀರು ಬೇಕಾದರೂ ಆಮೇಲೆ, ನೋವಾದರೂ ಆಮೇಲೆ, ನರ್ಸಮ್ಮ ಬಟ್ಟೆ ಸರಿಮಾಡಿದರೆ ಕೃತಜ್ಞತೆಗೂ ಆಮೇಲೆ. ಕೆಲವರಿಗೆ ಹೀಗೆ ಒಂದೇ ಪದ ಉಳಿಯುತ್ತದೆಂದು ಅಲ್ಲಿನ ಡಾಕ್ಟರು ಹೇಳಿದರು. ನಲವತ್ತು ವರ್ಷ ಸಾವಿರ ಮಾತು ಬಾಯಿಪಾಠ ಮಾಡಿದವರಿಗೆ ಉಳಿದದ್ದು ಇದು. ಆದರೆ ಅದನ್ನು ಎಷ್ಟು ಬಗೆಯಲ್ಲಿ ಹೇಳುತ್ತಾರೆಂದು ನೀನು ಕೇಳಬೇಕು! ಮೊನ್ನೆ ಸಪ್ಪೆ ಗಂಜಿಯನ್ನು ದೂರ ತಳ್ಳಿ "ಆಮೇಲೆ!" ಎಂದದ್ದು ಶುದ್ಧ ಬೈಗುಳ. ನರ್ಸಮ್ಮನಿಗೂ ಅರ್ಥವಾಗಿ ನಕ್ಕರು.

ಇವತ್ತು ಮಧ್ಯಾಹ್ನ ಅವರಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದೆ. ಸುಟ್ಟ ರಬ್ಬರಿನ ವಾಸನೆ ಬಂತು. ಮುಂದಿನದು ಗೊತ್ತಿಲ್ಲ. ಕಣ್ಣಿಗೆ ಮಂಚ ಕಂಡಾಗ ಚಮಚ ನೆಲದ ಮೇಲಿತ್ತು. ಅವರ ಎದೆಯೆಲ್ಲ ಒದ್ದೆ. ಎಡಗೈಯಲ್ಲಿ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅವತ್ತು ರಂಗದ ಮೇಲೆ ಹಿಡಿದಿದ್ದ ಅದೇ ಕೈ. ನಾನು ಜಾರಿ ಬೀಳದಂತೆ ಹಿಡಿದಿದ್ದರು, ಅಕ್ಕ. ಅರ್ಧ ಮೈ ಇಲ್ಲದವರು.

ಅವರ ಮುಖ ನೋಡಿದೆ. ಅವರಿಗೆ ಗೊತ್ತಾಗಿತ್ತು. ಈ ಮೌನಕ್ಕೆ ಬಣ್ಣವಿಲ್ಲ, ದೀಪವಿಲ್ಲ, ಸಭೆಯಿಲ್ಲ.

ನಾನು ಹೇಳಿದೆ. "ಇದು ನಟನೆ ಅಲ್ಲ ಅಮ್ಮಾ. ಮೂರ್ಛೆ." ಮೊದಲ ಸಲ ಆ ಪದ ನನ್ನ ಬಾಯಿಂದ ಬಂದದ್ದು.

"ಆಮೇಲೆ?" ಎಂದರು.

"ನಂಗೆ ಮಾರ್ಚಲ್ಲೇ ಗೊತ್ತಿತ್ತು. ಅಕ್ಕ ಬರೆದಿದ್ಲು. ಮುಚ್ಚಿಟ್ಟೆ."

"ಆಮೇಲೆ?"

"ಆ ಮೌನದಲ್ಲಿ ಯಾರೂ ಅಲುಗಾಡಬಾರದು ಅಂತ ನಾನೇ ಹೇಳಿಸಿದ್ದೆ. ಅದಕ್ಕೇ ಅವತ್ತು ಯಾರೂ ನಿಮ್ಮ ಹತ್ರ ಬರ್ಲಿಲ್ಲ."

"ಆಮೇಲೆ?"

"ನೀವು ನನ್ನ ಚಪ್ಪಾಳೆ ಕದೀತಿದೀರಿ ಅಂದ್ಕೊಂಡೆ."

ಅವರು ಕಣ್ಣು ಮುಚ್ಚಿದರು. ಕೈ ಬಿಡಲಿಲ್ಲ. ಮುಚ್ಚಿದ ಕಣ್ಣಿನ ಕೊನೆಯಿಂದ ಒಂದು ಹನಿ ಕಿವಿಯವರೆಗೆ ಇಳಿಯಿತು. ನಾನು ಒರೆಸಲು ಹೋದೆ, ತಲೆ ಆಚೆ ತಿರುಗಿಸಿಕೊಂಡರು. ಕ್ಷಮೆ ಕೇಳೋಣವೆಂದು ಬಾಯಿ ತೆರೆದೆ. ನಾಟಕದಲ್ಲಿ ಎಷ್ಟೋ ಸಲ ಕೇಳಿದ ಕ್ಷಮೆಗಳೆಲ್ಲ ನಾಲಗೆಗೆ ಬಂದವು, ಒಂದೂ ನನ್ನದೆನ್ನಿಸಲಿಲ್ಲ.

ತುಂಬ ಹೊತ್ತಾದ ಮೇಲೆ, ಕಣ್ಣು ಬಿಡದೆಯೇ, ಮಣಿಕಟ್ಟನ್ನು ಒಂದು ಸಲ ಜಗ್ಗಿ ಮತ್ತೆ ಕೇಳಿದರು. ಕೋಪದಿಂದ ಅಲ್ಲ, ಕರುಣೆಯಿಂದಲೂ ಅಲ್ಲ. ತಾಲೀಮಿನಲ್ಲಿ ನಾನು ಹೆಜ್ಜೆ ಮರೆತು ನಿಂತಾಗ ಕೇಳುತ್ತಿದ್ದ ಹಾಗೆ.

"ಆಮೇಲೆ?"

ಉತ್ತರ ಕೊಡದೆ ಎದ್ದು ಬಂದೆ. ಇಲ್ಲಿ ನಿನಗೆ ಕೊಡುತ್ತಿದ್ದೇನೆ, ಅಕ್ಕ, ತಪ್ಪಿಸಿಕೊಳ್ಳಲು ದಾರಿ ಇರದಿರಲಿ ಎಂದು.

ನಾಳೆ ಬೆಳಿಗ್ಗೆ ಹೊಸ ನಾಟಕ ಓದಲು ಕಂಪನಿ ಸೇರುತ್ತದೆ. ಮಾಲೀಕರು ನನ್ನನ್ನು ಕರೆದಿಲ್ಲ. ಕರೆಯದೆಯೇ ಹೋಗು‍ತ್ತೇನೆ. ಬಾಗಿಲ ಹತ್ತಿರ ನಿಂತು, ನನಗಿರುವ ಕಾಯಿಲೆಯ ಹೆಸರು ಹೇಳುತ್ತೇನೆ. ಜನ ಚಪ್ಪಾಳೆ ತಟ್ಟಿದ್ದು ಯಾವುದಕ್ಕೆಂದು ಹೇಳುತ್ತೇನೆ. ರಂಗದ ಮೇಲೆ ಇನ್ನು ಯಾರೇ ಮಾತು ನಿಲ್ಲಿಸಿದರೂ ಕಾಯಬೇಡ, ಓಡಿ ಹೋಗಿ ಹಿಡಿದುಕೋ ಎಂದು ಪಿಸುಮಾತಪ್ಪನಿಗೆ ಎಲ್ಲರ ಮುಂದೆ ಹೇಳುತ್ತೇನೆ. ಅವರು ನಗಲಿ, ಬೈಯಲಿ, ಅಯ್ಯೋ ಪಾಪ ಅನ್ನಲಿ. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂರುತ್ತೇನೆ, ಹೆಸರು ಕೂಗಿದಾಗ ಒಳಗೆ ಹೋಗುತ್ತೇನೆ.

ತಮ್ಮ